ಈ ಕ್ಷಣಕ್ಕೊಂದು ಮೊಹರು

ಅವರಿಬ್ಬರ ಮೊದಲ ಭೇಟಿಯಲ್ಲಿ ಗಂಡಿಗೆ ಕಂಡದ್ದು ಹೆಣ್ಣಿನ ಬೈತಲೆ ಮಾತ್ರ. ಹೆಣ್ಣಿಗೆ ಕಂಡದ್ದು ಗಂಡಿನ ಶೂ ಮಾತ್ರ.

ಏಳಂತಸ್ತಿನ ಒಂದು ಕಚೇರಿ ಕಟ್ಟಡ. ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅದರ ಲಿಫ್ಟು ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ ಕೆಟ್ಟು ನಿಂತಿತು. ಲಿಫ್ಟ್ ತಪಾಸಣೆಯ ಇಲಾಖೆಗೆ ಹೊಸದಾಗಿ ಸೇರಿದ್ದ ಯುವಕರೊಬ್ಬರು ಅದೇ ದಿನ ಅದೇ ಕಟ್ಟಡಕ್ಕೆ ತಪಾಸಣೆಗೆ ಬಂದಿದ್ದರು. ನಾಲ್ಕನೆಯ ಮಹಡಿಯ ಹೊರಬಾಗಿಲನ್ನು ಕೀಲಿ ಹಾಕಿ ತೆರೆದರೆ, ನೆಲದ ಮಟ್ಟದಲ್ಲಿ ಒಂದು ಗೇಣು ಸಂದು. ಆ ಸಂದಿನ ಆಚೆ, ಕೆಳಗೆ, ನೇರವಾದ ಒಂದು ಬೈತಲೆ.

"ಒಳಗೆ ಎಷ್ಟು ಜನ ಇದ್ದೀರಿ?" ಎಂದು ಯುವಕರು ನಿಯಮದ ಪ್ರಕಾರ ಕೇಳಿದರು.

"ನಾನೊಬ್ಬಳೇ. ಜೊತೆಗೊಂದು ಹೊಲಿಗೆ ಮೆಷಿನ್ನು."

"ತೂಕ ಎಷ್ಟು?"

"ಯಾರದು?"

ಆ ಪ್ರಶ್ನೆಯಲ್ಲಿ ಎಂಥ ಮೊನೆ ಇತ್ತೆಂದರೆ, ಯುವಕರು ವಹಿಯಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದುಕೊಂಡರು.

"ಗಾಬರಿ ಆಗ್ಬೇಡಿ. ಹತ್ತು ನಿಮಿಷದಲ್ಲಿ ಸರಿ ಮಾಡ್ತೀವಿ."

"ಗಾಬರಿ ಏನಿಲ್ಲಪ್ಪ. ನಿಮ್ಮ ಎಡಗಾಲಿನ ಶೂ ಬಾಯಿ ಬಿಟ್ಟಿದೆಯಲ್ಲ, ಅದನ್ನೇ ನೋಡ್ತಾ ಇದೀನಿ."

"ಹ್ಞಾಂ, ಅದು... ಮುಂದಿನ ತಿಂಗಳು ಹೊಲಿಸ್ಬೇಕು ಅಂತಿದೀನಿ."

"ಮುಂದಿನ ತಿಂಗಳು ಯಾಕೆ? ಈಗಲೇ ಕೊಡಿ. ಹೇಗೂ ನಾನಿಲ್ಲಿ ಸುಮ್ನೆ ಕೂತಿದೀನಿ."

ಯುವಕರು ಯೋಚಿಸಲು ಹೊತ್ತು ಕೇಳಿದರು. ಸಂದಿನಿಂದ ಒಂದು ಕೈ ಮೇಲೆ ಬಂತು. ಕೊಡದೆ ವಿಧಿಯಿರಲಿಲ್ಲ. ಆಮೇಲೆ ಸರ್ಕಾರದ ಪ್ರತಿನಿಧಿಯೊಬ್ಬರು ಒಂದು ಕಾಲಲ್ಲಿ ಶೂ, ಇನ್ನೊಂದು ಕಾಲಲ್ಲಿ ಹೆಬ್ಬೆರಳು ಹೊರಗಿಣುಕುವ ಕಾಲುಚೀಲ ತೊಟ್ಟು ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋದ ಐತಿಹಾಸಿಕ ದೃಶ್ಯವನ್ನು ಆ ಕಟ್ಟಡದ ಗುಮಾಸ್ತರೆಲ್ಲ ಕಣ್ತುಂಬ ನೋಡಿದರು. ಹತ್ತು ನಿಮಿಷ ಅಂದದ್ದು ನಲವತ್ತಾಯಿತು. ಲಿಫ್ಟು ನಾಲ್ಕನೆಯ ಮಹಡಿಗೆ ಬಂದು ಬಾಗಿಲು ತೆರೆದಾಗ, ಆ ಹುಡುಗಿ ಶೂ ಕೈಗಿಟ್ಟು ಹೇಳಿದ ಮೊದಲ ಮಾತು: "ಇನ್ನೊಂದು ಕಾಲಿಂದೂ ಕೊಡಿ ಅಂತ ಕೂಗಿದೆ. ನೀವು ಆಗಲೇ ಹೊರಟುಬಿಟ್ಟಿದ್ರಿ."

ನಾಲ್ಕು ತಿಂಗಳಲ್ಲಿ ಮದುವೆಯಾಯಿತು. (ಆರು ತಿಂಗಳಾಗಲಿ, ಆ ಲಿಫ್ಟಿನ ಮುಂದಿನ ತಪಾಸಣೆಗೆ ಬಂದಾಗ ಕೇಳೋಣ ಎಂದು ಯುವಕರು ಅಂದುಕೊಂಡಿದ್ದರು. ಕೇಳಿದವಳು ಅವಳೇ.)

ಇದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಈಗ ಆ ಯುವಕರು ಯುವಕರಲ್ಲ. ಇಲಾಖೆಯಲ್ಲಿ ಅವರನ್ನು ಎಲ್ಲರೂ 'ತಾರೀಖು ಸಾಹೇಬರು' ಎನ್ನುತ್ತಾರೆ. ಹಿಂದಿನಿಂದ ಅನ್ನುತ್ತಿದ್ದವರು ಈಚೆಗೆ ಮುಂದಿನಿಂದಲೂ ಅನ್ನಲು ಶುರುಮಾಡಿದ್ದಾರೆ. ಕಾರಣ ಇಷ್ಟೆ. ಒಂದು ಲಿಫ್ಟನ್ನು ಪರೀಕ್ಷಿಸಿ ಮುಗಿಸಿದ ಮೇಲೆ ಒಳಗೋಡೆಗೆ ಹಳದಿ ಚೀಟಿಯೊಂದನ್ನು ಅಂಟಿಸಬೇಕು. ಅದರಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು, ಮುಂದಿನ ತಪಾಸಣೆ ಯಾವಾಗ ಎಂದು ನಮೂದಿಸಿ, ಸಹಿ ಮಾಡಿ, ದುಂಡು ಮೊಹರು ಒತ್ತಬೇಕು. ಸಾಹೇಬರು ಈ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿದರೆಂದರೆ, ನಿಷ್ಠೆ ಕಚೇರಿಯಿಂದ ಉಕ್ಕಿ ಮನೆಗೂ ಹರಿಯಿತು. ನೀರಿನ ಫಿಲ್ಟರಿಗೆ ಹಳದಿ ಚೀಟಿ, ಗ್ಯಾಸಿನ ಕೊಳವೆಗೆ ಹಳದಿ ಚೀಟಿ, ಕೊಡೆಗೊಂದು, ಬಾಗಿಲಿನ ಚಿಲಕಕ್ಕೊಂದು. ಒಂದು ದಿನ ಅವರ ತಾಯಿ ಊರುಗೋಲು ಹಿಡಿದರೆ ಅಂಗೈಗೆ ಏನೋ ಅಂಟಿತು.

"ಲೋ," ಎಂದರು ಆಕೆ, "ಕೋಲಿಗೆ ಯಾಕೋ ಅಂಟಿಸ್ತೀಯ? ನನ್ನ ಬೆನ್ನಿಗೇ ಅಂಟಿಸಿಬಿಡು. ಮುಂದಿನ ತಪಾಸಣೆ ಮೇಲಿನವನ ಕಚೇರೀಲಿ ಅಂತ."

ಚೀಟಿ ಅಂಟಿಸಿದರೆ ಹೋಗಲಿ, ಗೋಡೆ ಹಾಳು ಅಷ್ಟೆ. ಆದರೆ ಸಾಹೇಬರ ಮನಸ್ಸೂ ಮುಂದಿನ ತಾರೀಖಿಗೇ ಅಂಟಿಕೊಂಡಿತ್ತು. ಮಧ್ಯಾಹ್ನದ ತಟ್ಟೆಯ ಮುಂದೆ ಕೂತು ರಾತ್ರಿಯ ಊಟಕ್ಕೇನು ಎಂದು ಕೇಳುವರು. ರಾತ್ರಿ ಊಟಕ್ಕೆ ಕೂತರೆ ನಾಳಿನ ತಿಂಡಿ. ಒಮ್ಮೆ ಹೆಂಡತಿ ಹಟ ಹಿಡಿದು ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದಳು. ಸಾಹೇಬರು ಸಮುದ್ರಕ್ಕೆ ಮುಖ ಮಾಡಿಯೇ ಕೂತಿದ್ದರು, ಸುಳ್ಳು ಹೇಳಬಾರದು. ಕೈಯಲ್ಲಿ ಮಾತ್ರ ವಾಪಸ್ ಬಸ್ಸಿನ ವೇಳಾಪಟ್ಟಿ ಇತ್ತು.

ಹೆಂಡತಿಯೋ, ಹಿಂದೆ ಮುಂದೆ ಎರಡೂ ಇಲ್ಲದ ಸೂಜಿ. ಎಲ್ಲಿ ಚುಚ್ಚುತ್ತದೋ ಅಲ್ಲೇ ಕಣ್ಣು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಅಂಗಡಿ. ಕೋಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ.

ಕಾರ್ಡುಗಳು ಮನೆಗೆ ಬಂದದ್ದೂ ಒಂದು ಕೋಟಿನ ಜೇಬಿನಲ್ಲೇ. ಕೋಟು ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮನದು, ಅಸ್ತರು ಬದಲಿಸಲು ಕೊಟ್ಟಿದ್ದು. ಒಳಜೇಬಿಗೆ ಕೈಹಾಕಿದರೆ ಎರಡು ಕಟ್ಟು ಕಾರ್ಡು ಸಿಕ್ಕವು. ಒಂದು ಟ್ಯಾರೋ: ಎಪ್ಪತ್ತೆಂಟು ಕಾರ್ಡು, ತುಂಬ ರಾಜ, ರಾಣಿ, ಕತ್ತಿ, ಬಟ್ಟಲು. ಇನ್ನೊಂದು ಒರೇಕಲ್, ಅಂದರೆ ದೈವವಾಣಿ: ಅದರಲ್ಲಿ ಚಿತ್ರ ಕಡಿಮೆ, ವಾಕ್ಯ ಹೆಚ್ಚು. ಕೊನೆಯಲ್ಲಿ ನಾಲ್ಕು ಖಾಲಿ ಕಾರ್ಡುಗಳಿದ್ದವು, ನಮ್ಮ ಮಾತು ನಾವೇ ಬರೆದುಕೊಳ್ಳಲಿ ಎಂದು. ಎರಡರಲ್ಲಿ ಡಾಕ್ಟರಮ್ಮ ತಮ್ಮ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದರು. ಒಂದರಲ್ಲಿ 'ಆದದ್ದನ್ನು ಉಗುಳಿಬಿಡು' ಎಂದಿತ್ತು. ಇನ್ನೊಂದರಲ್ಲಿ 'ಈಗ ಬಾಯಿ ಮುಚ್ಚಬಹುದು'.

ಕೋಟು ತೆಗೆದುಕೊಳ್ಳಲು ಬಂದ ಡಾಕ್ಟರಮ್ಮನನ್ನು ಹೆಂಡತಿ ಕೇಳಿದಳು: "ಇದು ಭವಿಷ್ಯ ಹೇಳೋದಾ?"

"ಅಯ್ಯೋ ಇಲ್ಲಮ್ಮ. ಭವಿಷ್ಯ ಅದಕ್ಕೇನು ಗೊತ್ತು, ಕಾಗದ! ನನ್ನ ಕುರ್ಚೀಲಿ ಕೂತೋರು ಮುಂದೇನಾಗುತ್ತೋ ಅಂತಾನೇ ನಡುಗ್ತಾರೆ. ಒಂದು ಕಾರ್ಡ್ ತೆಗೀರಿ ಅಂತೀನಿ. ಚಿತ್ರ ನೋಡ್ತಾ ಕೂತ್ರೆ, ಈಗಿನ್ನೂ ಏನೂ ಆಗಿಲ್ಲ, ಸುಮ್ನೆ ಕುರ್ಚೀಲಿ ಕೂತಿದೀವಿ ಅಂತ ಹೊಳೆಯುತ್ತೆ. ಅಷ್ಟೇ ಅದರ ಕೆಲಸ. ಈ ಕ್ಷಣ ನಮಗೆ ಏನನ್ನಿಸ್ತಿದೆ ಅಂತ ನಮಗೇ ತೋರಿಸೋದು. ನಾಲ್ಕು ದಿನ ಇಟ್ಕೊಂಡು ನೋಡಿ."

ಅಂದಿನಿಂದ ಬೆಳಗಿನ ಚಹಾದ ಜೊತೆ ಹೆಂಡತಿ ಎರಡು ಕಾರ್ಡು ತೆಗೆಯತೊಡಗಿದಳು. ಟ್ಯಾರೋ ಕಟ್ಟನ್ನು ಚೆನ್ನಾಗಿ ಕಲೆಸುವಳು. ಒರೇಕಲ್ ಕಾರ್ಡುಗಳು ದಪ್ಪ, ಕಲೆಸಲು ಬರುತ್ತಿರಲಿಲ್ಲ. ಅದರಲ್ಲಿ ಮೇಲಿನದೊಂದನ್ನು ತೆಗೆದು ಓದಿ ತಳಕ್ಕೆ ತಳ್ಳುವಳು. ಅತ್ತೆ ಪಕ್ಕದಲ್ಲೇ ಕೂತು, "ನನಗೆ ಈ ಸಲ ರಾಣಿ ಬರಲಿ, ಮೊನ್ನೆ ಬಂದ ಮುದುಕ ಬೇಡ" ಎಂದು ಇಸ್ಪೀಟಿನ ಹುಮ್ಮಸ್ಸಿನಲ್ಲಿರುವರು.

ಸಾಹೇಬರು ಮೊದಲ ದಿನವೇ ಕಟ್ಟು ಕೈಗೆತ್ತಿಕೊಂಡು ತಪಾಸಣೆ ನಡೆಸಿದರು. ಎಪ್ಪತ್ತೆಂಟೂ ಇವೆಯೇ ಎಂದು ಎಣಿಸಿದರು. ಆಮೇಲೆ ಒಂದೊಂದೇ ಚಿತ್ರ ನೋಡಿ ದೋಷಪಟ್ಟಿ ತಯಾರಿಸಿದರು.

"ಇದೇನಿದು? ಗೋಪುರ. ಸಿಡಿಲು ಬಡಿದಿದೆ, ಜನ ಕಿಟಕಿಯಿಂದ ಹಾರ್ತಿದಾರೆ. ಇಷ್ಟೆತ್ತರದ ಕಟ್ಟಡಕ್ಕೆ ಸಿಡಿಲು ತಂತಿ ಇಲ್ಲ, ತುರ್ತು ಮೆಟ್ಟಿಲಿಲ್ಲ. ಪರವಾನಗಿ ಕೊಟ್ಟವನು ಯಾರು?"

"ರೀ, ಅದು ಸಂಕೇತ."

"ಇವನನ್ನ ನೋಡು, ಬೆಟ್ಟದ ಅಂಚಿಗೆ ಹೊರಟಿದಾನೆ. ಕಂಬಿ ಹಾಕಿಲ್ಲ. ಇವನು ಒಂದೇ ಕಾಲಿಗೆ ಕಟ್ಟಿದ ಹಗ್ಗದಲ್ಲಿ ತಲೆಕೆಳಗಾಗಿ ನೇತಾಡ್ತಿದಾನೆ. ಹಗ್ಗದ ದಪ್ಪ ಎಷ್ಟು, ಬರೆದಿಲ್ಲ."

"ಅವನ ಮುಖ ನೋಡೋ," ಎಂದರು ತಾಯಿ. "ಎಷ್ಟು ನೆಮ್ಮದಿಯಾಗಿದಾನೆ. ನೆಟ್ಟಗೆ ನಿಂತಿರೋ ನಿನ್ನ ಮುಖದಲ್ಲಿ ಒಂದು ದಿನ ನೋಡಿಲ್ಲ ಅದನ್ನ."

ಅದೃಷ್ಟಚಕ್ರವೊಂದು ಮಾತ್ರ ಸಾಹೇಬರಿಗೆ ಹಿಡಿಸಿತು. ರಾಟೆ ಸರಿಯಾಗಿ ಕೂತಿದೆ ಎಂದರು.

ಹೀಗೆ ಎರಡು ವಾರ ಕಳೆಯಿತು. ಸೋಮವಾರ ಒಂದು ಪತ್ರ ಬಂತು. ಬಸ್ಸಿನಲ್ಲಿ ಒಂಬತ್ತು ತಾಸು ದೂರದ ಊರಿನ ನಾಟಕ ಕಂಪನಿಯದು. ಹೆಂಡತಿ ಹೊಲಿದ ಕೋಟೊಂದು ಹೇಗೋ ಆ ಕಂಪನಿಯ ನಟರೊಬ್ಬರ ಮೈಮೇಲೆ ಹೋಗಿ, ಉಡುಪು ವಿಭಾಗದ ಮುಖ್ಯಸ್ಥೆಯ ಕಣ್ಣಿಗೆ ಬಿದ್ದಿತ್ತು. ಮೂರು ತಿಂಗಳು ತಮ್ಮಲ್ಲಿಗೆ ಬಂದು ವೇಷಭೂಷಣ ಕತ್ತರಿಸುವುದನ್ನು ಕಲಿತು, ಹೊಲಿದುಕೊಡಬಹುದೇ? ಮನಸ್ಸಿದ್ದರೆ ಮುಂದೆ ಇನ್ನೂ ಮೂರು ತಿಂಗಳು. ಶುಕ್ರವಾರದೊಳಗೆ ತಿಳಿಸಿ.

ಹೆಂಡತಿ ಪತ್ರವನ್ನು ಮೂರು ಸಲ ಓದಿದಳು. ಅವಳ ಕಿವಿಗಳು ಕೆಂಪಗಾದವು. "ನೋಡೋಣ," ಎಂದಳು. "ನಾಲ್ಕು ದಿನ ಇದೆ. ಬೆಳಗ್ಗೆ ಕಾರ್ಡ್ ಹಿಡ್ಕೊಂಡು ಕೂತಾಗ ನನಗೇನನ್ನಿಸುತ್ತೆ ನೋಡ್ತೀನಿ."

ಹೊಲಿಗೆ ಮೆಷಿನ್ನಿನ ಸದ್ದಿಲ್ಲದಿದ್ದರೆ ಸಾಹೇಬರಿಗೆ ಪೇಪರು ಓದಲು ಬಾರದು. ಅವಳು ಹಲ್ಲಲ್ಲಿ ದಾರ ಕಚ್ಚುತ್ತಾ ಬೈದರೇ ಅವರಿಗೆ ಚಹಾ ಇಳಿಯುವುದು. ಆರು ತಿಂಗಳು! ಒಂದು ಲಿಫ್ಟಿನ ಆಯುಸ್ಸಿನಲ್ಲಿ ಒಂದು ತಪಾಸಣೆಯಿಂದ ಇನ್ನೊಂದು ತಪಾಸಣೆಯವರೆಗೆ! 'ನೀನು ಹೋದರೆ ನನಗೆ ಕಷ್ಟವಾಗುತ್ತದೆ' ಎಂಬ ವಾಕ್ಯ ನಾಲಿಗೆಯ ತುದಿಗೆ ಬಂತು. ತುದಿಯಲ್ಲೇ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.

ಬದಲಿಗೆ ಅವರು ಹೇಳಿದ್ದು: "ಫಿಲ್ಟರಿನ ಕ್ಯಾಂಡಲ್ ಬದಲಿಸೋ ತಾರೀಖು ಹತ್ರ ಬಂತು. ಅಮ್ಮನ ಬಿ.ಪಿ. ಬೇರೆ ನೋಡಿಸ್ಬೇಕು."

"ನನ್ನ ಬಿ.ಪಿ.ನ ನಡುವೆ ತರಬೇಡ," ಎಂದರು ತಾಯಿ. "ಅದು ನೀನು ಕಚೇರಿಗೆ ಹೋದ್ಮೇಲೆ ಸರಿಯಾಗೇ ಇರುತ್ತೆ."

ಕಾರ್ಡುಗಳೇ ಅವಳನ್ನು ಕಳಿಸುತ್ತವೆಂದು ಸಾಹೇಬರಿಗೆ ಖಾತ್ರಿಯಾಯಿತು. ಮಂಗಳವಾರ ಬೆಳಗ್ಗೆ ಅವಳಿಗೆ ರಥದ ಚಿತ್ರ ಬಂತು. ಬುಧವಾರ, ದೋಣಿ. ಸಾರಿಗೆ ಇಲಾಖೆಯೇ ಒಳಸಂಚು ಮಾಡಿದಂತಿತ್ತು. ಇನ್ನು ಕೈಕಟ್ಟಿ ಕೂತರೆ ಗುರುವಾರ ಬಸ್ಸೇ ಬಂದೀತೆಂದು ಅವರು ಬುಧವಾರ ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದರು. ಹೆಂಡತಿ ಅಸ್ತರಿನ ಬಟ್ಟೆ ತರಲು ಹೋಗಿದ್ದಳು. ತಾಯಿ ಗೊರಕೆ ಹೊಡೆಯುತ್ತಿದ್ದರು.

ಸಾಹೇಬರು ಒರೇಕಲ್ ಕಟ್ಟಿನಿಂದ ಖಾಲಿ ಕಾರ್ಡೊಂದನ್ನು ಎಳೆದುಕೊಂಡು, ಮೊದಲು ಬೇರೆ ಹಾಳೆಯಲ್ಲಿ ಕರಡು ಬರೆದರು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪ್ರಯಾಣದ ಪ್ರಸ್ತಾವನೆಯನ್ನು ಪರಿಶೀಲಿಸಲಾಗಿ...' ಇದು ದೈವವಾಣಿಯಂತೆ ಕೇಳಿಸಲಿಲ್ಲ. ಹರಿದು ಹಾಕಿದರು. ಎರಡನೆಯ ಕರಡಿನಲ್ಲಿ 'ದಯವಿಟ್ಟು' ಬಂತು. ದೈವ ದಯವಿಟ್ಟು ಅನ್ನುತ್ತದೆಯೇ? ಆರನೆಯ ಕರಡು ಸಮಾಧಾನ ತಂದಿತು. ಇಲಾಖೆಯಲ್ಲೇ ಹೆಸರಾದ ತಮ್ಮ ಮುತ್ತಿನಂಥ ಅಕ್ಷರವನ್ನು ಕಷ್ಟಪಟ್ಟು ಕೆಡಿಸಿ, ಡಾಕ್ಟರಮ್ಮನ ಕೋಳಿಕಾಲಿಗೆ ಇಳಿಸಿ, ಕಾರ್ಡಿನ ಮೇಲೆ ಬರೆದರು. ಬರೆದು ಮುಗಿಸಿದಾಗ ಒಂದು ಕೆಲಸ ಅಚ್ಚುಕಟ್ಟಾಗಿ ಮುಗಿದ ತೃಪ್ತಿ ಅವರ ಮೈಯೆಲ್ಲ ಹರಿಯಿತು. ಆ ತೃಪ್ತಿಯಲ್ಲಿ ಕೈ ತನ್ನಷ್ಟಕ್ಕೆ ತಾನೇ ಇನ್ನೂ ಏನೇನೋ ಮಾಡಿತು. ಮನಸ್ಸು ಆಗಲೇ ನಾಳೆ ಬೆಳಗಿನ ಚಹಾದಲ್ಲಿತ್ತು. ಕೈ ಮಾಡುತ್ತಿರುವುದನ್ನು ನೋಡಲು ಇಲ್ಲಿ ಯಾರೂ ಇರಲಿಲ್ಲ. ಕಾರ್ಡನ್ನು ಕಟ್ಟಿನ ಮೇಲಿಟ್ಟು, ಬೆಕ್ಕಿನಂತೆ ಹೊರಟುಹೋದರು.

ಗುರುವಾರ ಬೆಳಗಾಯಿತು. ಚಹಾ ಬಂತು. ಹೆಂಡತಿ ಮೇಲಿನ ಕಾರ್ಡು ತೆಗೆದಳು. ಸಾಹೇಬರು ಪೇಪರಿನ ಹಿಂದೆ ಅಡಗಿದರು.

"ಓಹೋ, ಇದು ಕೈಬರಹದ್ದು," ಎಂದು ಅವಳು ಗಟ್ಟಿಯಾಗಿ ಓದಿದಳು. "ಎಲೈ ಯಾತ್ರಿಕಳೇ! ನೀನು ಅರಸುವ ರಂಗಮಂಟಪ ನಿನ್ನ ಮನೆಯೊಳಗೇ ಇದೆ. ದೂರದ ಬಸ್ಸನ್ನು ಏರಬೇಡ. ಮನೆಯಲ್ಲಿರುವುದೇ ವರ್ತಮಾನದಲ್ಲಿರುವುದು."

"ಬಸ್ಸಾ?" ಎಂದರು ಅತ್ತೆ. "ರಥ, ದೋಣಿ ಬಿಟ್ಟು ಬೇರೆ ಗಾಡಿ ಇರಲಿಲ್ಲವಲ್ಲ ಇದರಲ್ಲಿ?"

"ಬಹಳ ಆಳವಾದ ಮಾತು," ಎಂದಿತು ಪೇಪರು. "ಅದರ ಮೇಲೆ ಯೋಚನೆ ಮಾಡ್ಬೇಕು."

"ಅದೇನಮ್ಮಾ, ಕೆಳಗಡೆ ನೀಲಿಗೆ, ದುಂಡಗೆ ಇದೆಯಲ್ಲ, ಚಂದ್ರನಾ?"

ಹೆಂಡತಿ ಕಾರ್ಡನ್ನು ಬೆಳಕಿಗೆ ಹಿಡಿದಳು.

"ಚಂದ್ರ ಅಲ್ಲ ಅತ್ತೆ. ಇಲಾಖೆ ಮೊಹರು."

ಪೇಪರು ಇನ್ನಷ್ಟು ಮೇಲೇರಿತು.

"ಇನ್ನೂ ಇದೆ, ಕೇಳಿ. 'ಸುಸ್ಥಿತಿಯಲ್ಲಿದೆ. ಮುಂದಿನ ತಪಾಸಣೆ: ಆರು ತಿಂಗಳ ನಂತರ.' ಅದರ ಕೆಳಗೆ ಸಹಿ. ಸಹಿ ಮಾತ್ರ ಮುತ್ತಿನಂತಿದೆ."

ಅತ್ತೆಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ಸೊಸೆ ಬೆನ್ನು ತಟ್ಟಿದಳು. ತಟ್ಟುತ್ತಲೇ ಗಂಡನ ಕಡೆ ತಿರುಗಿದಳು.

"ರೀ, ಪೇಪರ್ ಇಳಿಸಿ."

ಇಳಿಯಿತು.

"ಅಭ್ಯಾಸಬಲ," ಎಂದರು ಸಾಹೇಬರು. ಆ ಗಳಿಗೆಯಲ್ಲಿ ಹೊಳೆದದ್ದು ಅಷ್ಟೆ.

ಅವಳು ಕೂಗಾಡುತ್ತಾಳೆ ಎಂದು ಅವರು ಕಾದರು. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕಾರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ನಿನ್ನೆ ಮಧ್ಯಾಹ್ನ ಅಸ್ತರು ತರೋಕೆ ಹೋದಾಗ ಆ ಕಂಪನಿಗೆ ಫೋನ್ ಮಾಡಿದ್ದೆ. ಬರೋಕಾಗಲ್ಲ ಅಂತ ಹೇಳಿಬಿಟ್ಟೆ."

"ಹ್ಞಾಂ?"

"ಬೆಳಗ್ಗೆ ಆ ದೋಣಿ ಚಿತ್ರ ನೋಡ್ತಾ ಕೂತಿದ್ನಲ್ಲ, ಹೋಗೋಕೆ ಖುಷಿಯೂ ಆಯ್ತು. ಆದ್ರೆ ನೀವಿಲ್ಲಿ ಒಬ್ರೇ ಕೂತು ಫಿಲ್ಟರ್ ನೋಡ್ತಿರೋದು ಕಣ್ಮುಂದೆ ಬಂತು. ಪಾಪ ಅನ್ನಿಸ್ತು. ಬೇಡ ಬಿಡು ಅಂದ್ಕೊಂಡೆ."

ಅಂದರೆ ಸಾಹೇಬರು ಆರು ಕರಡು ಬರೆಯುತ್ತಿದ್ದ ಅದೇ ಹೊತ್ತಿಗೆ, ಬರೆಯಬೇಕಾದ ಅಗತ್ಯವೇ ಮುಗಿದುಹೋಗಿತ್ತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಅವರ ಮುಖದ ಮೇಲೆ ಸಂತೋಷ ಹರಡತೊಡಗಿತು. ಪೂರ್ತಿ ಹರಡಲು ಅವಳು ಬಿಡಲಿಲ್ಲ.

"ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ, ಹೋಗ್ಬೇಡ ಕಣೇ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು. ಕಾರ್ಡಿನ ಕೈಲಿ ಹೇಳಿಸಿದ್ರಿ. ಸರಿ. ಈಗ ಹೇಳಿ. ಮೊನ್ನೆದು ಬೇಡ, ಮುಂದಿಂದೂ ಬೇಡ. ಈ ಕ್ಷಣ, ಇಲ್ಲಿ ಕೂತಿರೋ ಹಾಗೆ, ನಿಮಗೇನನ್ನಿಸ್ತಿದೆ?"

ಅತ್ತೆ ಕೆಮ್ಮುವುದನ್ನು ನಿಲ್ಲಿಸಿದರು. ಸಾಹೇಬರಿಗೆ ಹೇಳಬೇಕಾದ ವಾಕ್ಯ ಗೊತ್ತಿತ್ತು; ನಾಲ್ಕೇ ಪದ. ತಾಯಿ ಮಗನನ್ನೇ ನೋಡುತ್ತಾ, ಪರೀಕ್ಷೆಯಲ್ಲಿ ಕೂತ ಮಗುವಿಗೆ ಕಿಟಕಿಯಾಚೆಯಿಂದ ಉತ್ತರ ಹೇಳಿಕೊಡುವವರಂತೆ ತುಟಿ ಆಡಿಸಿದರು. ಸಾಹೇಬರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

"ನಾಳೆ ಹೇಳ್ತೀನಿ," ಎಂದರು. "ಸ್ವಲ್ಪ ಯೋಚನೆ ಮಾಡಿ."

"ಮುಗೀತು!" ಎಂದು ತಾಯಿ ಹಣೆ ಚಚ್ಚಿಕೊಂಡರು. "ನಾನು ಹೆತ್ತಿದ್ದು ಮಗನನ್ನಲ್ಲ, ಕ್ಯಾಲೆಂಡರ್."

ಹೆಂಡತಿ ಎದ್ದು ಫೋನು ಕೈಗೆತ್ತಿಕೊಂಡಳು. "ಹಲೋ, ನಾನು ಕೋಟು ಹೊಲಿಯೋಳು ಮಾತಾಡ್ತಿರೋದು. ನಿನ್ನೆ ಬರಲ್ಲ ಅಂದಿದ್ದೆ... ಹೌದು. ಈಗ ಬರ್ತೀನಿ... ಇಲ್ಲ, ಮೂರು ತಿಂಗಳಲ್ಲ, ಆರೂ ತಿಂಗಳು. ಮನೇಲಿ ಏನೂ ತೊಂದರೆ ಇಲ್ಲ. ಯಜಮಾನರೇ ಬರವಣಿಗೇಲಿ ಕೊಟ್ಟಿದಾರೆ. ಸಹಿ, ಮೊಹರು ಎಲ್ಲ ಇದೆ."

"ಲೇ, ಅದು ಮನೇಲೇ ಇರು ಅಂತ ಬರೆದಿರೋದು!"

"ಮೇಲಿರೋದನ್ನ ಯಾರು ಓದ್ತಾರೆ ಬಿಡಿ," ಎಂದಳು ಫೋನಿಗೆ ಕೈ ಅಡ್ಡ ಹಿಡಿದು. "ಲಿಫ್ಟಲ್ಲೂ ಜನ ತಾರೀಖು ಮಾತ್ರಾನೇ ನೋಡೋದು."

ಭಾನುವಾರ ಬಸ್ ನಿಲ್ದಾಣಕ್ಕೆ ಮೂವರೂ ಹೋದರು. ಮೂರು ದಿನದಿಂದ ಸಾಹೇಬರು ಆ ನಾಲ್ಕು ಪದವನ್ನು ಸ್ನಾನದ ಮನೆಯಲ್ಲಿ, ಬೇರೆಯವರ ಲಿಫ್ಟುಗಳಲ್ಲಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರು. ಅವಳು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅವರು ಗಂಟಲು ಸರಿಮಾಡಿಕೊಂಡರು. ಚಾಲಕ ಎಂಜಿನ್ ಶುರುಮಾಡಿದ.

"ನೀನು ಹೋದ್ರೆ ನನಗೆ ಕಷ್ಟವಾಗುತ್ತೆ ಕಣೇ!" ಎಂದು ಕೂಗಿಯೇಬಿಟ್ಟರು. ನಾಲ್ಕು ಪದ ಐದಾಯಿತು. ನಿಲ್ದಾಣದಲ್ಲಿದ್ದ ನೂರು ಜನ ತಿರುಗಿ ನೋಡಿದರು. ಹಣ್ಣು ಮಾರುವವನು ತಕ್ಕಡಿ ಕೆಳಗಿಟ್ಟ.

ಕಿಟಕಿಯಿಂದ ಅವಳ ಮುಖ ಹೊರಬಂತು. ಕಿವಿಗಳು ಕೆಂಪಗಿದ್ದವು. "ಕೇಳಿಸ್ತು!" ಎಂದು ಅವಳೂ ಕೂಗಿದಳು. "ಹೋಗಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ಆರಿಸೋಕೆ ಮರೆತೆ!"

ಬಸ್ಸು ಹೋಯಿತು. ಹಾಲು ಅದಕ್ಕೆ ಮೊದಲೇ ಹೋಗಿತ್ತು.

ಮನೆಯಲ್ಲಿ ಅವಳು ಬಿಟ್ಟುಹೋದ ಚೀಟಿ ಇತ್ತು: ಒಂಬತ್ತು ಕೋಟುಗಳಿಗೆ ಗುಂಡಿ ಹಚ್ಚುವುದು ಬಾಕಿ, ಗಿರಾಕಿಗಳು ಬಂದು ಕೇಳುತ್ತಾರೆ, ಸೂಜಿಗೆ ದಾರ ಪೋಣಿಸುವುದನ್ನು ಅತ್ತೆ ಹೇಳಿಕೊಡುತ್ತಾರೆ. ಸಾಹೇಬರ ಮೊದಲ ಗುಂಡಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಎದ್ದು ನಿಂತಾಗ ಕೋಟೂ ಜೊತೆಗೇ ಎದ್ದಿತು. ಗುಂಡಿ ಅವರ ಪ್ಯಾಂಟನ್ನೂ ಸೇರಿಸಿ ಹಿಡಿದಿತ್ತು. ಎರಡನೆಯ ಗುಂಡಿ ಹಚ್ಚುವಾಗ ನಾಳಿನ ತಿಂಡಿಯ ಬಗ್ಗೆ ಯೋಚಿಸಿದರು. ಸೂಜಿ ಬೆರಳಿಗೆ ಹೋಯಿತು. ಮೂರನೆಯದಕ್ಕೆ ಮುಂದಿನ ವಾರದ ತಪಾಸಣೆ ನೆನಪಾಯಿತು. ಸೂಜಿ ಇನ್ನೂ ಆಳಕ್ಕೆ ಹೋಯಿತು. ನಾಲ್ಕನೆಯ ಗುಂಡಿಗೆ ಯಾವುದನ್ನೂ ಯೋಚಿಸಲಿಲ್ಲ.

ಗುರುವಾರ ಹಲ್ಲಿನ ಡಾಕ್ಟರಮ್ಮ ಇನ್ನೊಂದು ಕೋಟು ಕೇಳಿಕೊಂಡು ಬಂದರು. "ಯಾವಾಗ ಸಿಗುತ್ತೆ ಸಾಹೇಬ್ರೇ? ತಾರೀಖು ಹೇಳಿ."

ಸಾಹೇಬರ ಬಾಯಲ್ಲಿ ದಾರವಿತ್ತು. ಅವರು ತಲೆ ಎತ್ತಲಿಲ್ಲ. "ತಾರೀಖು ಗೊತ್ತಿಲ್ಲಮ್ಮ," ಎಂದರು ಹಲ್ಲುಗಳ ಸಂದಿನಿಂದ. "ಈಗ ಈ ಗುಂಡಿ ಹಚ್ತಾ ಇದೀನಿ. ಮಾತಾಡಿಸ್ಬೇಡಿ, ಚುಚ್ಚುತ್ತೆ."

ಡಾಕ್ಟರಮ್ಮ ಸಾಹೇಬರ ತಾಯಿಯ ಮುಖ ನೋಡಿದರು. ತಾಯಿ, ಹೆಚ್ಚು ಮಾತಾಡಿಸಿದರೆ ಕೋಟು ಕೆಡುತ್ತದೆ ಎಂದು ಸನ್ನೆ ಮಾಡಿದರು.

ಈಗ ತಾರೀಖು ಸಾಹೇಬರು ಹಗಲು ಲಿಫ್ಟುಗಳನ್ನು ಪರೀಕ್ಷಿಸುತ್ತಾರೆ. ಸಂಜೆ ಆರರಿಂದ ಎಂಟರವರೆಗೆ ಮುಂದಿನ ಕೋಣೆಯಲ್ಲಿ ಕೂತು ಕೋಟುಗಳಿಗೆ ಗುಂಡಿ ಹಚ್ಚುತ್ತಾರೆ.